ಮೊದಲ ಮಾತು ಯಾರದು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಇದುವರೆಗೆ ಯಾರಿಗಾದರೂ ಬುದ್ಧಿ ಹೇಳಿದ್ದಾಳೆಯೇ ಎಂದು ಕೇಳುತ್ತಾರೆ. ಹೇಳಿಲ್ಲ ಅಂದರೆ ಮುಖ ಅರಳುತ್ತದೆ, ಇನ್ನೊಂದು ಲೋಟ ಕಾಫಿ ಕುಡಿಯುತ್ತಾರೆ. ಗಂಡಿನ ಕಡೆಯವರೂ ಅಷ್ಟೇ, ನಮ್ಮ ಹುಡುಗ ಬಾಯಿಬಿಟ್ಟು ಯಾರಿಗೂ ಒಂದು ಬುದ್ಧಿಮಾತು ಆಡಿದವನಲ್ಲ ಎಂದು ದೇವರ ಮೇಲೆ ಆಣೆ ಇಡುತ್ತಾರೆ. ಯಾಕೆಂದರೆ ನಮ್ಮಲ್ಲಿ ಕೊಟ್ಟ ಬುದ್ಧಿ ಕೊಟ್ಟವರ ಹತ್ತಿರ ಉಳಿಯುವುದಿಲ್ಲ. ನೀವು ಬಾಳಿ ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿದಿರಿ, ಅವರು ಹಾಗೇ ನಡೆದರು ಅಂದರೆ ಮುಗಿಯಿತು, ಅದು ಅವರದಾಯಿತು. ನಿಮಗೆ ಮತ್ತೆ ಅದು ಕೈಗೆ ಹತ್ತುವುದಿಲ್ಲ. ಬಾಳದೆ ಬರೀ ಬಾಯಲ್ಲಿ ಹೇಳಿದ್ದು ಯಾರಿಗೂ ನಾಟುವುದಿಲ್ಲ. ಬೇಕೆಂದು ಬಾಯಿಬಿಟ್ಟು ಕೇಳದವರಿಗೆ ಹೇಳಿದ್ದೂ ನಿಲ್ಲುವುದಿಲ್ಲ.

ಹೊಂದಿಕೊಳ್ಳದೆ ಏನು ಮಾಡುತ್ತೀರಿ? ಹೊಂದಿಕೊಂಡಿದ್ದೇವೆ. ನಮ್ಮ ಬೀದಿಯ ಕಂಡಕ್ಟರ್ ಹೆಂಡತಿ ಅತ್ತೆಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದರಲ್ಲಿ ಗಟ್ಟಿಗಿತ್ತಿ. ಮನೆ ಅಳಿಯನಾಗಿ ಹೋಗಿ ಮಾವನ ಬಾಯಿಗೆ ಸಿಕ್ಕು ಹಣ್ಣಾದ ಒಬ್ಬ ಗಂಡಸು ಕೇಳಿದನೆಂದು, ಪಾಪ ಎಂದು ಕೊಟ್ಟಳು. ಅವನು ಈಗ ಹಾಯಾಗಿದ್ದಾನೆ. ಇವಳಿಗೆ ಅತ್ತೆ ಕೆಮ್ಮಿದರೂ ದಿನವೆಲ್ಲ ಕಿವಿಯಲ್ಲಿ ಗುಂಯ್ ಅನ್ನುತ್ತದೆ. ನಿಮ್ಮೂರ ಹಿರಿಯರೆಲ್ಲ ಇಷ್ಟು ಮುಂಗೋಪಿಗಳು ಯಾಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ತಾಳ್ಮೆಯನ್ನೆಲ್ಲ ಊರಿಗೆ ಹಂಚಿ ಕೂತಿದ್ದಾರಪ್ಪ, ಇನ್ನೇನಾಗಬೇಕು?

ಹಿಂದೆ ಈ ವ್ಯವಹಾರ ನಲ್ಲಿಯ ಹತ್ತಿರ, ಕ್ಷೌರದಂಗಡಿಯ ಬೆಂಚಿನ ಮೇಲೆ ಪಿಸುಪಿಸು ನಡೆಯುತ್ತಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಗಂಡಸರು ಹೆಂಗಸರು ಸೇರಿ ಒಂದು ಗುಂಪು ಮಾಡಿಕೊಂಡರು. ಹೆಸರು ‘ಉಂಡು ಮಲಗೋ ತನಕ’. ಅಡ್ಮಿನ್ ಯಾರಾಗಬೇಕು ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಹೆಸರು ಕುಮುದ, ಬಳೆ ಅಂಗಡಿ ಇಟ್ಟಿದ್ದೇನೆ, ಮದುವೆಯಾಗಿಲ್ಲ. ಸಂಸಾರದ ವಿಷಯದಲ್ಲಿ ನನ್ನ ಹತ್ತಿರ ಕೊಡುವುದಕ್ಕೂ ಏನಿಲ್ಲ, ಕಳೆದುಕೊಳ್ಳುವುದಕ್ಕೂ ಏನಿಲ್ಲ. ಇಷ್ಟು ವರ್ಷ ‘ಅಯ್ಯೋ, ಒಂಟಿ’ ಎಂದವರು ಅವತ್ತು ಅದನ್ನೇ ಯೋಗ್ಯತೆ ಮಾಡಿದರು, ನಾನೂ ಒಪ್ಪಿಕೊಂಡೆ. ಕಷ್ಟದಲ್ಲಿದ್ದವರು ಪ್ರಶ್ನೆಯನ್ನು ನನಗೆ ಕಳಿಸುತ್ತಾರೆ, ನಾನು ಹೆಸರು ತೆಗೆದು ಗುಂಪಿಗೆ ಹಾಕುತ್ತೇನೆ. ಗೊಣಗುವ ಗಂಡನಿಗೆ ಏನು ತಿಂಡಿ ಮಾಡಬೇಕು, ಸಿಟ್ಟಾದ ಹೆಂಡತಿಗೆ ಯಾವ ಹೂವು ತರಬೇಕು ಎಂಬ ಪುಡಿ ಬುದ್ಧಿಗಳನ್ನು ಜನ ಎಲ್ಲರೆದುರೇ ಬರೆಯುತ್ತಾರೆ. ಗಟ್ಟಿಯಾದದ್ದನ್ನು ಮಾತ್ರ, ಪ್ರಶ್ನೆ ಯಾರದೆಂದು ಊಹಿಸಿ, ಅವರಿಗೇ ನೇರವಾಗಿ ಕಳಿಸುತ್ತಾರೆ. ಊಹೆ ತಪ್ಪಿ ಇನ್ನಾರದೋ ಹೆಂಡತಿಗೆ ಹೋಗಿ ಪಜೀತಿಯಾದದ್ದೂ ಉಂಟು. ಏನು ಕೊಟ್ಟಿರೆಂದು ಯಾರಿಗೂ ಹೇಳಬಾರದು, ಮನೆಯವರಿಗಂತೂ ಹೇಳಲೇಬಾರದು. ನಿಮ್ಮ ಹತ್ತಿರ ಏನಿಲ್ಲ ಎಂದು ಗೊತ್ತಾದರೆ ಮನೆಯವರೇ ತಲೆ ಮೇಲೆ ಹತ್ತಿ ಕೂರುತ್ತಾರೆ.

ಪಂಕಜಾಕ್ಷಿ ನನ್ನ ಪಕ್ಕದಂಗಡಿಯವಳು. ಹಿಟ್ಟಿನ ಗಿರಣಿ ಅವಳದು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹಾಗಾಗಿಬಿಟ್ಟಿದೆ, ಗುಟ್ಟು ಹೇಳಿದರೂ ನಾಲ್ಕು ಮನೆಗೆ ಕೇಳಿಸುತ್ತದೆ. ಗಂಡ ತಿಪ್ಪೇಸ್ವಾಮಿ ಮೈಕ್ ಸೆಟ್ಟಿನವನು. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಹಾರ್ನು ಕೂಗಿದರೂ ಅದು ಅವನದೇ. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಾಳೆ. ಗಂಡಹೆಂಡಿರು ಇಬ್ಬರದೂ ದೊಡ್ಡ ಬಾಯಿ, ಜಗಳವೂ ಜೋರು, ರಾಜಿಯೂ ಜೋರು. ಗಿರಣಿಯ ಹಿಂದೆಯೇ ಮನೆ, ಎಲ್ಲ ನನಗೆ ಕೇಳಿಸುತ್ತಿತ್ತು. ಒಂದು ದಿನ ಇವಳು ಅಡುಗೆಮನೆಯಿಂದ ‘ಸಾರು ಆರ್ತಾ ಇದೆ’ ಎಂದು ಕೂಗುವಳು. ಇನ್ನೊಂದು ದಿನ ಅವನು ಮುಷ್ಟಿಯನ್ನು ಬಾಯಿಗೆ ಹಿಡಿದು ‘ಹಲೋ, ಮೈಕ್ ಟೆಸ್ಟಿಂಗ್, ಹೊಟ್ಟೆ ಹಸೀತಿದೆ’ ಅನ್ನುವನು. ಅಲ್ಲಿಗೆ ಜಗಳ ಮುಗಿಯಿತು.

ಗುಂಪಿನಲ್ಲಿ ಪಂಕಜಾಕ್ಷಿಯಷ್ಟು ಕೊಟ್ಟವರು ಇನ್ನೊಬ್ಬರಿಲ್ಲ. ಹಿಟ್ಟು ಮೆತ್ತಿದ ಬೆರಳಿನಲ್ಲೇ ಟೈಪು ಮಾಡುವಳು, ಅವಳ ಫೋನು ಯಾವಾಗಲೂ ಬೆಳ್ಳಗೆ. ಗಂಡ ತಡವಾಗಿ ಬಂದರೆ ಅನುಮಾನ ಪಡದೆ ಇರುವುದನ್ನು ಕೊಟ್ಟಳು. ತವರಿನ ಸುದ್ದಿ ಎತ್ತದೆ ಜಗಳವಾಡುವುದನ್ನು ಕೊಟ್ಟಳು. ನನಗೇ ತಡೆಯಲಾರದೆ ಒಮ್ಮೆ ಹೇಳಿದೆ. “ಲೇ ಪಂಕಜಾ, ಸ್ವಲ್ಪ ಕೈ ಹಿಡಿದು ಕೊಡೇ. ಊರಿಗೆಲ್ಲ ಹಂಚಿದ್ರೆ ನಿನ್ನ ಸಂಸಾರಕ್ಕೆ ಏನುಳಿಯುತ್ತೆ?”

“ನಮ್ಮನೆಯವರಿದ್ದಾರಲ್ಲ ಬಿಡೇ,” ಎಂದಳು. “ನನಗೆ ಇಲ್ದೇ ಇದ್ದದ್ದು ಅವರ ಹತ್ರ ಇರುತ್ತೆ.”

ಗಿರಣಿಯ ಎದುರುಮನೆಗೆ ಲೋಕೇಶ, ತೇಜಸ್ವಿನಿ ಎಂಬ ಹೊಸ ಜೋಡಿ ಬಾಡಿಗೆಗೆ ಬಂದಿತ್ತು. ಇಬ್ಬರೂ ಮೆಚ್ಚಿ ಮದುವೆಯಾದವರು. ಹುಡುಗಿಯ ಅಪ್ಪನಿಗೆ ಇಷ್ಟವಿರಲಿಲ್ಲ, ಹುಡುಗನ ಅಮ್ಮನಿಗಂತೂ ಮೊದಲೇ ಇರಲಿಲ್ಲ. ಅವನು ಕುಕ್ಕರು, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ. ಅವಳು ಅಂಗನವಾಡಿ ಟೀಚರು. ಬಂದ ಹೊಸತರಲ್ಲಿ ಪಾರಿವಾಳಗಳ ಹಾಗಿದ್ದರು. ಆಮೇಲೊಂದು ಜಗಳವಾಯಿತು, ಆ ಮನೆ ತಣ್ಣಗಾಯಿತು. ವಯಸ್ಸು ಚಿಕ್ಕದು, ರಾಜಿಯಾಗುವುದನ್ನು ಇಬ್ಬರೂ ಇನ್ನೂ ಕಲಿತಿರಲಿಲ್ಲ.

ತೇಜು ನನಗೆ ಪ್ರಶ್ನೆ ಕಳಿಸಿದಳು, ನಾನು ಗುಂಪಿಗೆ ಹಾಕಿದೆ. ‘ಜಗಳ ಆದ ಮೇಲೆ ನಾನೇ ಮೊದಲು ಮಾತಾಡಿಸಬೇಕು ಅಂತ ಆಸೆ. ಎದುರಿಗೆ ಬಂದರೆ ಗಂಟಲು ಕಟ್ಟುತ್ತೆ. ಹೇಗೆ ಮಾತಾಡಿಸೋದು? ಮನೆ ತುಂಬ ಕುಕ್ಕರ್ ಮುಚ್ಚಳ, ಒಂದರಲ್ಲೂ ಸದ್ದಿಲ್ಲ.’ ಪಂಕಜಾಕ್ಷಿಗೆ ಯಾರದೆಂದು ತಿಳಿಯಲು ಎಷ್ಟು ಹೊತ್ತು? ರಾಗಿ ಬೀಸುವುದನ್ನು ನಿಲ್ಲಿಸಿ ಆಗಲೇ ಬರೆದು ಕಳಿಸಿದಳಂತೆ. ‘ತಾಯಿ, ಸರಿ ಯಾರದು ತಪ್ಪು ಯಾರದು ಅಂತ ಎತ್ತಲೇಬೇಡ. ಊಟದ ಸುದ್ದಿ ಎತ್ತು. ಅಡುಗೆಮನೆಯಿಂದಲೇ ಕೂಗಿ ಕರಿ, ಮುಖ ನೋಡ್ಬೇಡ, ನೋಡಿದ್ರೆ ಮತ್ತೆ ಸಿಟ್ಟು ಬರುತ್ತೆ. ಬಡಿಸಿದ ಮೇಲೆ ನೋಡು.’ ಮೊದಲ ಮಾತು ಅಂದರೆ ನಮ್ಮೂರಿನಲ್ಲಿ ಯಾರೂ ಸುಲಭವಾಗಿ ಕೈಬಿಡುವುದಿಲ್ಲ. ಇವಳು ಯೋಚಿಸಲೇ ಇಲ್ಲ. ಆಮೇಲೆ ನಾನು ಬೈದಾಗ ಹೇಳಿದಳು, “ನಮ್ಮನೇಲಿ ಯಾವತ್ತೂ ಅವರೇ ಕಣೇ ಮೊದಲು ಮಾತಾಡ್ಸೋದು. ನನಗೆ ಅದು ಇದ್ದೂ ಉಪಯೋಗಕ್ಕೆ ಬರ್ತಿರ್ಲಿಲ್ಲ.”

ಮಾರನೆಯ ದಿನ ಲೋಕೇಶನಿಂದಲೂ ಅದೇ ಪ್ರಶ್ನೆ ಬಂತು. ಒಂದು ಮನೆಗೆ ಒಂದು ಸಿಕ್ಕರೆ ಸಾಕಲ್ಲ ಎಂದು ನನಗೂ ಅನ್ನಿಸಿತು. ಆದರೆ ಬಂದದ್ದನ್ನು ಹಾಕುವುದಷ್ಟೇ ಅಡ್ಮಿನ್ ಕೆಲಸ, ಯಾರದು ಹಾಕಬೇಕು ಯಾರದು ಬಿಡಬೇಕೆಂದು ಆರಿಸುವುದಕ್ಕೆ ನಾನ್ಯಾರು? ಹಾಕಿದೆ. ಪಂಕಜಾಕ್ಷಿ ಅದನ್ನು ನೋಡಿ, ಹೆಂಡತಿಗೆ ಕೊಟ್ಟಾಗಿದೆಯಲ್ಲ ಎಂದು ನಕ್ಕು ಸುಮ್ಮನಾದಳು. ಒಂದೆರಡು ದಿನದಲ್ಲಿ ಎದುರುಮನೆಯಲ್ಲಿ ನಗು ಕೇಳಿಸಿತು. ಇಬ್ಬರೂ ಒಟ್ಟೊಟ್ಟಿಗೆ ಮಾತಾಡುವವರೇ, ಒಬ್ಬರು ಇನ್ನೊಬ್ಬರ ಮಾತು ಮುಗಿಯಲು ಬಿಡುತ್ತಿರಲಿಲ್ಲ. ಪಂಕಜಾಕ್ಷಿ ಗಿರಣಿಯ ಬಾಗಿಲಲ್ಲಿ ನಿಂತು ಆ ಗಲಾಟೆಯನ್ನು ಕೇಳುವಳು, ಅವಳ ಮುಖದಲ್ಲಿ ಹೆತ್ತ ತಾಯಿಯ ಸಂತೋಷ.

ಪಂಕಜಾಕ್ಷಿಯ ಮನೆಯ ಜಗಳ ಹತ್ತಿದ್ದು ಒಂದು ಮದುವೆ ಛತ್ರದಲ್ಲಿ. ಅವಳು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಕಿವಿಯಲ್ಲಿ, “ಹುಡುಗಿ ತಾಯಿ ಸೀರೆ ನೋಡೇ, ಕಿಟಕಿ ಪರದೆ ಸುತ್ಕೊಂಡ ಹಾಗಿದೆ” ಎಂದಳು. ಹಿಂದೆ ಮೈಕು ಚಾಲೂ ಇದ್ದದ್ದು ನಮಗೇನು ಗೊತ್ತು? ನಾಲ್ಕು ಬೀದಿಗೆ ಕೇಳಿಸಿತು. ತಿಪ್ಪೇಸ್ವಾಮಿ ಮೊದಲು ಮೈಕು ಆರಿಸಬೇಕಿತ್ತು, ಅವನು ಮೊದಲು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ, ಅವನನ್ನು ನೋಡಿ ಎಲ್ಲರೂ ನಕ್ಕರು. ಪಂಕಜಾಕ್ಷಿ ಎಲೆಗೆ ಕೂರದೆ ಮನೆಗೆ ನಡೆದಳು.

“ಬೇಕಂತಲೇ ಆನ್ ಇಟ್ಟಿದ್ರಿ,” ಎಂದು ಅವತ್ತು ಅವಳು ಕೂಗಾಡಿದ್ದು ನನ್ನ ಅಂಗಡಿಗೆ ಕೇಳಿಸಿತು.

“ನಿನ್ನ ಬಾಯಿಗೆ ಮೈಕ್ ಬೇರೆ ಬೇಕಾ?”

“ಆ ಡಬ್ಬಾ ಸೆಟ್ ಎತ್ಕೊಂಡು ಹೋಗಿ ಕೆರೆಗೆ ಹಾಕಿ. ನೀವೂ ಅಲ್ಲೇ ಇರಿ!”

ಅವನು ಚಾಪೆ ದಿಂಬು ಎತ್ತಿಕೊಂಡು ಸ್ಪೀಕರು ಇಡುವ ಶೆಡ್ಡಿಗೆ ಹೋದ. ಇಂಥದ್ದು ಮೊದಲೂ ಆಗಿದ್ದಿದೆ, ಸಂಜೆಗೆ ಸರಿಹೋಗುತ್ತದೆ ಎಂದುಕೊಂಡೆ. ಸಂಜೆಯಾಯಿತು, ಕೂಗಿಲ್ಲ. ಮಾರನೆಯ ಸಂಜೆಯೂ ಕೂಗಿಲ್ಲ. ಊಟದ ಹೊತ್ತಿಗೆ ಅವನು ಬಂದು ಪಡಸಾಲೆಯಲ್ಲಿ ಕೂರುವನು, ಅವಳು ಒಳಗೆ ಸಾರು ಕುದಿಸುತ್ತ ನಿಲ್ಲುವಳು. ಸಾರು ಆರುವುದು. ಅವನು ಎದ್ದು ಹೋಗುವನು. ಅವಳು ತಟ್ಟೆಗೆ ಹಾಕಿಟ್ಟು ಬಾಗಿಲ ಬಳಿ ಸರಿಸಿದರೆ ಆಮೇಲೆ ಬಂದು ಉಣ್ಣುವನು. ನಮ್ಮೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅಲ್ಲಿ ಪೊರಕೆಗೆ ಹೇಳುತ್ತಾರೆ, ಬೆಕ್ಕಿಗೆ ಹೇಳುತ್ತಾರೆ. ‘ಬೆಕ್ಕೇ, ಸ್ನಾನಕ್ಕೆ ನೀರು ಕಾದಿದೆ’ ಎಂದರೆ ಗಂಡ ಎದ್ದು ಬಚ್ಚಲಿಗೆ ನಡೆಯುತ್ತಾನೆ. ಹಾಗೆ ವರ್ಷಗಟ್ಟಲೆ ಸಂಸಾರ ಸಾಗಿಸಿದವರಿದ್ದಾರೆ, ಮಕ್ಕಳೂ ಆಗಿವೆ. ಆದರೆ ಎದೆಯೊಳಗಿನ ಸಿಟ್ಟು ಅದರಿಂದ ಇಳಿಯುವುದಿಲ್ಲ.

“ಅವರು ಯಾಕೆ ಮಾತಾಡಿಸ್ತಿಲ್ಲ ಕುಮುದಾ?” ಎಂದು ಪಂಕಜಾಕ್ಷಿ ನನ್ನ ಅಂಗಡಿಗೆ ಬಂದು ಕೂತಳು. ಕಣ್ಣು ಕೆಂಪಾಗಿತ್ತು, ಮೆಣಸಿನಕಾಯಿ ಘಾಟೆಂದು ಸುಳ್ಳು ಹೇಳಿದಳು. “ಮೂವತ್ತು ವರ್ಷ ಅವರೇ ಮಾತಾಡಿಸಿದ್ರು. ನಾನೊಂದು ಮಾತು ಅಂದಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆನಾ? ನಾನೇ ಕರೀಬೇಕು ಅಂತ ಬಾಯಿ ತೆಗೀತೀನಿ, ಸಾರು ಅನ್ನೋ ಮಾತೇ ಬರೋದಿಲ್ಲ.” ಆಗಲೇ ನನಗೆ ಅವಳು ತೇಜುಗೆ ಏನು ಕೊಟ್ಟಿದ್ದಾಳೆಂದು ಗೊತ್ತಾದದ್ದು. ಬೈದೆ, ಚೆನ್ನಾಗಿ ಬೈದೆ. ಬೈದರೆ ಬರುತ್ತದೆಯೇ? ಗುಂಪಿನಲ್ಲಿ ಕೇಳೇ ಎಂದರೆ, ಊರಿಗೆಲ್ಲ ಬುದ್ಧಿ ಹೇಳಿದವಳು ನಾನು, ಈಗ ಯಾವ ಮುಖ ಇಟ್ಕೊಂಡು ಕೇಳಲಿ ಎಂದಳು. ಹಾಗಾದರೆ ತೇಜು ಹತ್ತಿರವೇ ವಾಪಸು ಕೇಳು ಎಂದರೆ ನಾಲಿಗೆ ಕಚ್ಚಿಕೊಂಡಳು. ಕೊಟ್ಟದ್ದನ್ನು ತಿರುಗಿ ಕೇಳುವುದು ನಮ್ಮಲ್ಲಿ ನಾಚಿಕೆಗೇಡು.

ಅಷ್ಟರಲ್ಲಿ ಊರಿನಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿ ಗಂಟುಮೂಟೆ ಕಟ್ಟತೊಡಗಿತು. ಅವರಿಗೊಬ್ಬ ಮೈಕಿನವನು ಬೇಕಿತ್ತು, ತಿಪ್ಪೇಸ್ವಾಮಿ ಹ್ಞೂಂ ಅಂದನಂತೆ. ಊರೂರು ತಿರುಗುವ ಕಂಪನಿ, ಹೋದವರು ಯಾವಾಗ ಬರುತ್ತಾರೋ. ಮಾತು ಬಿಟ್ಟು ಮನೆ ಬಿಟ್ಟ ಗಂಡಸರು ನಮ್ಮೂರಿಗೆ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. “ಸಂಜೆ ಲಾರಿ ಬರುತ್ತಂತೆ,” ಎಂದು ಸುದ್ದಿ ಮುಟ್ಟಿಸಿದವಳು ನಾನೇ. ಪಂಕಜಾಕ್ಷಿ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು. ಸೆರಗಿನ ಹಿಟ್ಟನ್ನೂ ಕೊಡವದೆ ಎದುರುಮನೆಗೆ ನಡೆದಳು.

ತೇಜು ಆಗತಾನೆ ಅಂಗನವಾಡಿಯಿಂದ ಬಂದಿದ್ದಳು. ಪಂಕಜಾಕ್ಷಿ ಹೊಸ್ತಿಲಲ್ಲೇ ನಿಂತು, “ತಾಯಿ, ನಿನಗೆ ಕೊಟ್ಟಿದ್ನಲ್ಲ, ಅದನ್ನ ನನಗೆ ವಾಪಸ್ ಕೊಡ್ತೀಯಾ? ಕೇಳಬಾರದು ಅಂತ ಗೊತ್ತು. ಇವರು ಹೊರಟಿದ್ದಾರೆ ಕಣೇ” ಎಂದು ಅಳು ನುಂಗಿದಳು.

ಹುಡುಗಿ ಹಿಂದೆಮುಂದೆ ನೋಡಲಿಲ್ಲ. “ಅಯ್ಯೋ ಪಂಕಜಕ್ಕ, ಅದಕ್ಯಾಕೆ ಇಷ್ಟು ಸಂಕೋಚ? ನಿಮ್ಮದೇ ಅಲ್ವಾ?”

“ನಿಮ್ಮನೇಲಿ ಬೇಕಾದ್ರೆ?”

“ಲೋಕೇಶ ಇದ್ದಾನಲ್ಲ. ಅವನಿಗೂ ಬರುತ್ತೆ ಈಗ. ನಿಜ ಹೇಳ್ಬೇಕು ಅಂದ್ರೆ ಯಾವಾಗಲೂ ಅವನೇ ಮೊದಲು ಮಾತಾಡಿಸೋದು.” ಹಾಗೆಂದು ಪಂಕಜಾಕ್ಷಿಯ ಕೈ ಹಿಡಿದು, ಅವಳದೇ ಮಾತನ್ನು ಅವಳಿಗೆ ಹೇಳಿದಳು. ಊಟದ ಸುದ್ದಿ ಎತ್ತಿ, ಅಡುಗೆಮನೆಯಿಂದ ಕರೀರಿ, ಮುಖ ನೋಡ್ಬೇಡಿ, ಬಡಿಸಿದ ಮೇಲೆ ನೋಡಿ.

ಪಂಕಜಾಕ್ಷಿ ಮನೆಗೆ ಓಡಿದಳು. ಒಲೆಯ ಮೇಲೆ ಸಾರಿಟ್ಟಳು. ಅತ್ತ ಲಾರಿ ಬೀದಿಯ ತುದಿಗೆ ಬಂದು ಹಾರನ್ ಮಾಡಿತು, ತಿಪ್ಪೇಸ್ವಾಮಿ ಶೆಡ್ಡಿನ ಕಡೆಗೆ ಹೋಗದೆ ಮನೆಯ ಕಡೆಗೆ ದಾಪುಗಾಲು ಹಾಕುತ್ತ ಬರುವುದು ನನ್ನ ಅಂಗಡಿಯಿಂದ ಕಾಣಿಸಿತು. ಒಳಗಿನಿಂದ ಅವಳು, “ಸಾರು ಆರ್ತಾ ಇದೆ!” ಎಂದು ಕೂಗಿದ್ದಕ್ಕೂ ಬಾಗಿಲಿಂದ ಅವನು, “ಹಲೋ, ಮೈಕ್ ಟೆಸ್ಟಿಂಗ್!” ಎಂದದ್ದಕ್ಕೂ ಸರಿಹೋಯಿತು. ಆಮೇಲೆ ಇಬ್ಬರೂ ನಕ್ಕರು ನೋಡಿ, ಗಿರಣಿಯ ತಗಡು ಹಾರಿಹೋಗುವಂತೆ. ನಾನು ಬಳೆ ಡಬ್ಬಿಗೆ ತಲೆಯಾನಿಸಿ ಅತ್ತುಬಿಟ್ಟೆ. ಲಾರಿ ಅವನನ್ನು ಬಿಟ್ಟು ಹೋಯಿತು.

ಮಿಕ್ಕದ್ದನ್ನು ಅವಳೇ ನನಗೆ ಹೇಳಿದಳು, ಹೇಳುವಾಗ ನನ್ನ ಮುಖ ನೋಡಲಿಲ್ಲ. ಊಟ ಮಾಡುತ್ತ ತಿಪ್ಪೇಸ್ವಾಮಿ ಕೇಳಿದನಂತೆ, “ಇಷ್ಟು ದಿನ ಯಾಕೆ ಕರೀಲಿಲ್ಲ ನೀನು? ಯಾವತ್ತೂ ನೀನೇ ತಾನೇ ಮೊದಲು ಕರೀತಿದ್ದದ್ದು?”

“ನಾನಾ? ನೀವಲ್ವಾ?”

“ನಾನೆಲ್ಲೇ ಕರೀತಿದ್ದೆ, ಮಾರಾಯ್ತಿ. ನೀನು ಕರೀತೀಯ ಅನ್ನೋ ಧೈರ್ಯದ ಮೇಲೇ ನಂದನ್ನ ಆ ಲೋಕೇಶನಿಗೆ ಕೊಟ್ಟೆ. ಇವತ್ತು ಮಾನ ಬಿಟ್ಟು ಅವನ ಅಂಗಡಿಗೆ ಹೋಗಿ ವಾಪಸ್ ಇಸ್ಕೊಂಡು ಬಂದೆ. ಪಾಪ, ತಕ್ಷಣ ಕೊಟ್ಟ. ತೇಜು ಇದ್ದಾಳಲ್ಲ ಅಣ್ಣ, ಯಾವಾಗಲೂ ಅವಳೇ ಮಾತಾಡಿಸೋದು ಅಂದ.”

ಪಂಕಜಾಕ್ಷಿ ತಾನೂ ತೇಜುವಿನಿಂದ ವಾಪಸು ಇಸಿದುಕೊಂಡು ಬಂದದ್ದನ್ನು ಹೇಳಿದಳಂತೆ. ಮೂವತ್ತು ವರ್ಷ ಇಬ್ಬರೂ ಕರೆದಿದ್ದರು, ನಾನು ಸಾಕ್ಷಿ. ಆದರೆ ತಾವು ಕರೆದದ್ದು ಇಬ್ಬರಿಗೂ ನೆನಪಿರಲಿಲ್ಲ, ಇನ್ನೊಬ್ಬರು ಕರೆದದ್ದು ಮಾತ್ರ ನೆನಪಿತ್ತು. ಈಗ ಆ ಎರಡೂ ಎದುರುಮನೆಯಿಂದ ಇಲ್ಲಿಗೆ ಬಂದಿದ್ದವು, ಅಲ್ಲಿ ಒಂದೂ ಉಳಿದಿರಲಿಲ್ಲ.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ನಿಮ್ಮಿಬ್ಬರ ಹತ್ತಿರವೂ ಇಲ್ಲ ಕಣ್ರಪ್ಪ, ಒಂದು ತಗೊಳ್ಳಿ ಎಂದರೆ ಅವರು ಕೇಳುತ್ತಿದ್ದರು, ಇವರು ಕೊಡುತ್ತಿದ್ದರು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೋಗೋಣ ಎಂದೇ ಇಬ್ಬರೂ ಅಂದರಂತೆ. ಯಾರದನ್ನು ಕೊಡುವುದು ಎಂಬಲ್ಲಿಗೆ ನಿಂತಿತು. “ನಂದೇ ಕೊಡ್ತೀನಿ,” ಎಂದು ಅವನೆಂದ. “ಬೇಡ, ಆ ಹಲೋ ಹಲೋ ಇನ್ನೊಂದೆರಡು ದಿನ ಕೇಳ್ತೀನಿ,” ಎಂದು ಇವಳೆಂದಳು. “ಹಾಗಾದ್ರೆ ನಿಂದು?” “ನಂದು ಹೋದ್ರೆ ಮತ್ತೆ ನೀವೊಬ್ಬರೇ ಕರೀಬೇಕು, ಅಕಸ್ಮಾತ್ ನೀವು ಕರೀದಿದ್ರೆ?” ಆ ಮೌನವನ್ನು ಅನುಭವಿಸಿದವರು, ಹೆದರಿದ್ದರು. ನಾಳೆ ಹೇಳೋಣ ಅಂದುಕೊಂಡರು. ಎದುರುಮನೆಯಲ್ಲಿ ಅವತ್ತು ಜಗಳವೂ ಇರಲಿಲ್ಲ, ಅವಸರವೇನು? ನಾಳೆ ಬಂತು, ಅದರ ನಾಳೆಯೂ ಬಂತು. ಬಹಳ ದಿನಕ್ಕೆ ಸಿಕ್ಕ ಮಾತು, ಗಂಡಹೆಂಡಿರು ಹೊಸದಾಗಿ ಮದುವೆಯಾದವರ ಹಾಗೆ ಹರಟುತ್ತ ಕೂರುವರು. ನನಗೆ ಇದಾವುದೂ ತಿಳಿಯದೆ ನಾನೂ ಆ ಹರಟೆ ಕೇಳಿ ಹಿಗ್ಗುತ್ತಿದ್ದೆ.

ಎದುರುಮನೆಯ ಜಗಳ ಯಾವುದಕ್ಕೆ ಶುರುವಾಯಿತೋ, ಯಾರೋ ರಿಪೇರಿಗೆ ಕೊಟ್ಟ ಕುಕ್ಕರಿನಲ್ಲಿ ತೇಜು ಅನ್ನಕ್ಕಿಟ್ಟಳಂತೆ. ಅಷ್ಟಕ್ಕೇ ಮಾತು ನಿಂತಿತು. ಈ ಸಲದ ಮೌನ ಬೇರೆ. ಮೊದಲ ಸಲ ಇಬ್ಬರಿಗೂ ಮಾತಾಡಿಸಲು ತಿಳಿದಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಈಗ ತೇಜು ಲೆಕ್ಕ ಹಾಕಿದ್ದು ಹೀಗೆ. ನನ್ನ ಹತ್ತಿರ ಇಲ್ಲ, ಅವನ ಹತ್ತಿರ ಇದೆ. ಇದ್ದೂ ಕರೆಯುತ್ತಿಲ್ಲ ಅಂದರೆ ನಾನು ಬೇಡವಾಗಿದ್ದೇನೆ. ಲೋಕೇಶನೂ ಅದನ್ನೇ ಅಂದುಕೊಂಡ. ಅದಕ್ಕೇ ಇಬ್ಬರಲ್ಲಿ ಒಬ್ಬರೂ ಗುಂಪಿನಲ್ಲಿ ಕೇಳಲಿಲ್ಲ. ಬೇಡವಾದವರನ್ನು ಹೇಗೆ ಕರೆಯುವುದೆಂದು ಯಾರು ಕೇಳುತ್ತಾರೆ? ತೇಜು ಗೋಡೆಗೆ ಹೇಳತೊಡಗಿದಳು. ಮೊದಮೊದಲು ಉಪ್ಪು ಮುಗಿದದ್ದು, ಗ್ಯಾಸು ಮುಗಿದದ್ದು ಹೇಳುತ್ತಿದ್ದಳು. ಒಂದು ಸಂಜೆ ಅವನು ಉಣ್ಣುತ್ತ ಕೂತಾಗ ಗೋಡೆಗೆ, “ಅಪ್ಪ ತೋರಿಸಿದವನನ್ನೇ ಕಟ್ಕೋಬೇಕಿತ್ತು. ಇವನನ್ನ ನಂಬಿ ಬಂದೆ, ಇವನ ಮೈಮೇಲಿನ ಗ್ರೀಸಿನ ವಾಸನೆ ಕಂಡ್ರೆ ಮದುವೆ ದಿನದಿಂದ ನನಗೆ ವಾಕರಿಕೆ” ಎಂದಳು. ನಿಜವಲ್ಲ ಅದು. ಅವನ ಗ್ರೀಸಿನ ಅಂಗಿಯನ್ನು ಅವಳು ಮೂಗಿಗೆ ಹಿಡಿದು ನಗುವುದನ್ನು ನಾನೇ ನೋಡಿದ್ದೇನೆ. ಸಿಟ್ಟಿಗೆ ಬಾಯಿ ಸಿಕ್ಕರೆ ಅದು ಏನನ್ನು ತಾನೇ ಬಿಡುತ್ತದೆ? ಲೋಕೇಶ ಉಣ್ಣುವ ತಟ್ಟೆ ಬಿಟ್ಟು ಎದ್ದ. ಆಮೇಲೆ ಅಂಗಡಿಯಲ್ಲೇ ಮಲಗತೊಡಗಿದ. ಅವಳು ತವರಿಗೆ ಹೋದಳು. ಹೋದ ದಿನ ನನ್ನ ಫೋನಿನಲ್ಲಿ ‘ತೇಜಸ್ವಿನಿ ಗುಂಪು ತೊರೆದಿದ್ದಾರೆ’ ಎಂದು ಬಂತು.

ಪಂಕಜಾಕ್ಷಿ ನನ್ನ ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದ್ದು ಅವತ್ತೇ. “ನನ್ನ ಬಾಯಿಗೆ ಮಣ್ಣು ಹಾಕಾ,” ಎಂದು ಹಣೆ ಹಣೆ ಚಚ್ಚಿಕೊಂಡಳು. ಈ ಸಲ ನಾನು ಬೈಯುತ್ತ ಕೂರಲಿಲ್ಲ. ಅಂಗಡಿಗೆ ಬೀಗ ಹಾಕಿ, ಅವಳನ್ನು ಎಬ್ಬಿಸಿಕೊಂಡು ತೇಜುವಿನ ತವರಿಗೆ ಬಸ್ಸು ಹತ್ತಿಸಿದೆ, ನಾನೂ ಹತ್ತಿದೆ. ದಾರಿಯುದ್ದಕ್ಕೂ ಅವಳು ತೊಡೆಯ ಮೇಲೆ ಕೈ ಜೋಡಿಸಿ, ಕೇಳಿದ್ರೆ ಸಾಕು, ಕೇಳಿದ್ರೆ ಸಾಕು ಎಂದು ಗೊಣಗುತ್ತಿದ್ದಳು.

ತೇಜು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಕುರ್ಚಿ ಹಾಕಿದಳು, ನೀರು ಕೊಟ್ಟಳು. ಪಂಕಜಾಕ್ಷಿ ನಿಂತೇ ಎಲ್ಲ ಹೇಳಿದಳು. ಅವನ ಹತ್ತಿರವೂ ಇರಲಿಲ್ಲ ತಾಯಿ, ನೀನು ಕರೀತೀಯ ಅಂತ ನಂಬಿ ಅವತ್ತೇ ನಮ್ಮನೆಯವರಿಗೆ ಕೊಟ್ಟುಬಿಟ್ಟಿದ್ದ, ನಿನ್ನನ್ನ ಬೇಡ ಅಂದಿರಲಿಲ್ಲ. ಹುಡುಗಿಯ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಇದು ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ?”

ಪಂಕಜಾಕ್ಷಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ನೀನು ಕೊಟ್ಟ ದಿನವೇ.”

“ಮತ್ತೆ ಯಾಕೆ ಬರ್ಲಿಲ್ಲ?”

“ಮಾತು ಸಿಹಿಯಾಗಿತ್ತು ಕಣೇ. ಬಿಡೋಕೆ ಮನಸ್ಸಾಗ್ಲಿಲ್ಲ. ತಪ್ಪಾಯ್ತು. ಈಗ ಕೇಳು ತಾಯಿ, ಒಂದು ಸಲ ಕೇಳು, ನಂದನ್ನೇ ಕೊಟ್ಟುಬಿಡ್ತೀನಿ.”

ತೇಜು ಬಟ್ಟೆಯನ್ನು ತಂತಿಯ ಮೇಲೆ ಹಾಕಿದಳು. ಅವಳಿಗೆ ನಮ್ಮ ಮೇಲೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಪಂಕಜಾಕ್ಷಿಗೆ ಎಷ್ಟೋ ಹಗುರವಾಗುತ್ತಿತ್ತು. “ಮೊದಲ ಮಾತು ತಗೊಂಡು ಏನ್ ಮಾಡ್ಲಿ ಅಕ್ಕ? ಸಾರು ಆರ್ತಿದೆ ಅಂತ ಕರೆದ್ರೆ ಅವನಿಗೆ ಗ್ರೀಸಿನ ಮಾತೇ ಕೇಳಿಸೋದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ನನಗೆ ಬೇಕಾಗಿರೋದು ಬೇರೆ. ಆಡಿದ ಮಾತನ್ನ ಅವನ ಮನಸ್ಸಿಂದ ತೆಗೆಯೋದು ಹೇಗೆ? ನಾನು ಕೇಳ್ತಿದ್ದೀನಿ. ನಿಮ್ಮ ಹತ್ರ ಇದ್ರೆ ಕೊಡಿ.”

ಊರಿಗೆಲ್ಲ ಬುದ್ಧಿ ಕೊಟ್ಟ ಪಂಕಜಾಕ್ಷಿಯ ಹತ್ತಿರ ಅದೊಂದು ಇರಲಿಲ್ಲ. ನಾವು ಬರಿಗೈಯಲ್ಲಿ ಬಸ್ಸು ಹತ್ತಿದೆವು. ನಾನು ತೇಜುವಿನ ಪ್ರಶ್ನೆಯನ್ನು ಬಸ್ಸಿನಲ್ಲೇ ಗುಂಪಿಗೆ ಹಾಕಿದೆ. ‘ನಾನು ಆಡಿದ ಕೆಟ್ಟ ಮಾತನ್ನು ಅವನು ಮರೆಯುವ ಹಾಗೆ ಮಾಡುವುದು ಹೇಗೆ?’ ಎಲ್ಲರೂ ನೋಡಿದರು. ತಿಪ್ಪೇಸ್ವಾಮಿ ದಿನಕ್ಕೆ ಹತ್ತು ಸಲ ಅಂಗಡಿಗೆ ಇಣುಕಿ, “ಏನಾದ್ರೂ ಬಂತಾ ಕುಮುದಮ್ಮ?” ಎಂದು ಕೇಳುವನು. ಏನೂ ಬರಲಿಲ್ಲ.

ಬಂದದ್ದು ಲೋಕೇಶ. ಬಳೆ ಅಂಗಡಿಯ ಬಾಗಿಲಲ್ಲಿ ನಿಂತು ಸುತ್ತ ನೋಡಿ, “ಅಕ್ಕ, ಆ ಪ್ರಶ್ನೆ ತೆಗೆದುಬಿಡಿ” ಎಂದ.

“ಯಾರದು ಅಂತ ಗೊತ್ತಾಯ್ತಾ?”

“ಅವಳ ಮಾತು ನನಗೆ ಗೊತ್ತಾಗಲ್ವಾ? ಅದಕ್ಕೆ ಉತ್ತರ ಊರಲ್ಲಿ ಯಾರ ಹತ್ರವೂ ಇಲ್ಲ ಅಕ್ಕ. ನೀವು ನಗ್ತೀರೋ ಏನೋ, ಬೇರೆಯವರು ಅಂದಿದ್ದನ್ನ ಮರೆಯೋದು ನನಗೆ ಚೆನ್ನಾಗಿ ಬರ್ತಿತ್ತು. ಮದುವೆ ಹೊಸದರಲ್ಲಿ ನಮ್ಮಮ್ಮ ಅವಳಿಗೆ ಬಾಯಿಗೆ ಬಂದ ಹಾಗೆ ಅಂದ್ಲು. ಊಟ ಬಿಟ್ಟು ಅತ್ಲು ಅವಳು, ನಿದ್ದೆ ಇಲ್ಲ. ಹೇಗೆ ಮರೀತೀಯೋ ನೀನು, ನನಗೂ ಹೇಳ್ಕೊಡೋ ಅಂತ ಕೇಳಿದ್ಲು. ಹೇಳ್ಕೊಟ್ಟೆ.”

ನನ್ನ ಕೈಯಲ್ಲಿದ್ದ ಬಳೆಗಳನ್ನು ಹಾಗೇ ಕೆಳಗಿಟ್ಟೆ. “ಹಾಗಾದ್ರೆ ಅವಳ ಹತ್ರವೇ ಇದೆಯಲ್ಲೋ. ವಾಪಸ್ ಕೇಳು. ಆ ಹುಡುಗಿ ಕೇಳಿದ್ರೆ ಪ್ರಾಣವನ್ನೂ ಕೊಡ್ತಾಳೆ. ಇವತ್ತೇ ಬಸ್ ಹತ್ತು, ನಾನೂ ಬರ್ತೀನಿ.”

ಅವನು ತಲೆಯಾಡಿಸಿದ. “ಕೊಡ್ತಾಳೆ, ಗೊತ್ತು. ಕೊಟ್ರೆ ನಮ್ಮಮ್ಮ ಅಂದಿದ್ದೆಲ್ಲ ಅವಳಿಗೆ ಮತ್ತೆ ನೆನಪಾಗುತ್ತೆ ಅಕ್ಕ. ತುಂಬ ಕೆಟ್ಟದಾಗಿ ಅಂದಿದ್ಲು. ಅವಳು ಹಾಯಾಗಿ ಮರೆತಿದ್ದಾಳೆ.” ಗ್ರೀಸು ಮೆತ್ತಿದ ಅಂಗಿಯ ತೋಳನ್ನು ಒಮ್ಮೆ ನೋಡಿಕೊಂಡ. “ಅದು ಅವಳ ಹತ್ರವೇ ಇರಲಿ.”

ಅವನು ನೋಡುತ್ತಿದ್ದ ಹಾಗೆಯೇ ಪ್ರಶ್ನೆಯನ್ನು ಅಳಿಸಿದೆ.